ಬೆಳಗಿನ ಪ್ರಾರ್ಥನೆಯಲ್ಲಿ ಬೇಸೂರಾಗುವ ಮಕ್ಕಳನ್ನು ಸುಮ್ಮನಿರಿಸಬೇಕೇ?

ಪ್ರಶ್ನೆ: ಸಹಶಿಕ್ಷಕಿ, ಚಿಂಚೋಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರಗಳು. ನಾನು ಚಿಂಚೋಳಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕಿ. ಸಂಗೀತವನ್ನು ಕ್ರಮವಾಗಿ ಕಲಿತವಳಲ್ಲ. ನಮ್ಮಲ್ಲಿ ಸಂಗೀತ ಶಿಕ್ಷಕರಿಲ್ಲದ ಕಾರಣ, ನನ್ನ ದನಿ ತಕ್ಕಮಟ್ಟಿಗೆ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಮುಖ್ಯ ಗುರುಗಳು ಬೆಳಗಿನ ಪ್ರಾರ್ಥನೆ, ನಾಡಗೀತೆ ಹಾಗೂ ಸೆಪ್ಟೆಂಬರ್ 17ರ ಕಾರ್ಯಕ್ರಮದ ಸಮೂಹಗಾನದ ಹೊಣೆಯನ್ನು ನನಗೆ ವಹಿಸಿದ್ದಾರೆ.

ಪ್ರಾರ್ಥನೆಗೆ ನಿಲ್ಲುವ ಸುಮಾರು ನೂರಿಪ್ಪತ್ತು ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ಬೇಸೂರಾಗಿ, ಅಂದರೆ ಸ್ವರ ತಪ್ಪಿ, ಹಾಡುತ್ತಾರೆ. ನನಗಿಂತ ಮೊದಲು ಈ ಹೊಣೆ ಹೊತ್ತಿದ್ದವರು ಅಂಥ ಮಕ್ಕಳನ್ನು ಆರಿಸಿ, ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ದನಿ ತೆಗೆಯದೆ ತುಟಿಗಳನ್ನು ಮಾತ್ರ ಆಡಿಸಬೇಕೆಂದು ಹೇಳಿಕೊಟ್ಟಿದ್ದರು. ಮೊನ್ನೆ ಐದನೆಯ ತರಗತಿಯ ಒಬ್ಬ ಹುಡುಗಿಗೆ ‘ನೀನೂ ಹಾಡಮ್ಮ’ ಎಂದರೆ, ‘ನಾ ತುಟಿ ಆಡ್ಸೋ ಸಾಲಿನಕಿ ರೀ ಟೀಚರ್’ ಎಂದು ಯಾವ ಬೇಸರವೂ ಇಲ್ಲದೆ ಉತ್ತರಿಸಿದಳು. ಆ ಬೇಸರವಿಲ್ಲದಿರುವಿಕೆಯೇ ನನ್ನನ್ನು ಈ ಪ್ರಶ್ನೆ ಕೇಳುವಂತೆ ಮಾಡಿದೆ. ಆಕೆ ಪಕ್ಕದ ತಾಂಡಾದಿಂದ ಬರುವ ಹುಡುಗಿ. ಊಟದ ಬಿಡುವಿನಲ್ಲಿ ಮೈದಾನದ ಬೇವಿನ ಗಿಡದ ಕೆಳಗೆ ಗೆಳತಿಯರೊಡನೆ ಲಂಬಾಣಿ ಹಾಡು ಹೇಳುವಾಗ ಅವಳ ಸ್ವರ ಎಲ್ಲಿಯೂ ಜಾರುವುದಿಲ್ಲ. ಅದೇ ಬಾಯಿ ಮರುದಿನ ಪ್ರಾರ್ಥನೆಯಲ್ಲಿ ಬೇಸೂರಾಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಏಳನೆಯ ತರಗತಿಯ ಒಬ್ಬ ಹುಡುಗ ತನ್ನ ಅಜ್ಜನೊಡನೆ ಊರಿನ ಭಜನೆಯಲ್ಲಿ ತತ್ವಪದಗಳನ್ನು ಹಾಡುತ್ತಿದ್ದ. ಈಚೆಗೆ ದನಿ ಒಡೆದು, ಹಾಡಲು ಹೋದರೆ ನಡುವೆಯೇ ಚೀರಿದಂತಾಗುವುದರಿಂದ ಗೆಳೆಯರು ನಗುತ್ತಾರೆಂದು ಭಜನೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಹಾಡುವಿಕೆ ಹುಟ್ಟಿನಿಂದ ಕೆಲವರಿಗಷ್ಟೇ ಬರುವಂಥದ್ದೇ? ಬೇಸೂರಾಗುವ ಮಕ್ಕಳಿಗೆ ಕಲಿಸಲು ಸಾಧ್ಯವೇ? ದನಿ ಒಡೆದ ಹುಡುಗನಿಗೆ ನಾನು ಏನು ಹೇಳಬೇಕು? ನನ್ನ ಗಂಟಲೂ ಶುಕ್ರವಾರದ ಹೊತ್ತಿಗೆ ಕಟ್ಟಿಹೋಗುತ್ತದೆ ಎಂಬುದನ್ನು ಕೊನೆಯಲ್ಲಿ ಸೇರಿಸುತ್ತೇನೆ; ಅದು ಇದಕ್ಕೆ ಸಂಬಂಧಿಸಿದ್ದೋ ಅಲ್ಲವೋ ತಿಳಿದವರು ಹೇಳಬೇಕು.

ಉತ್ತರ: ಪೇಟಿ ಮಾಸ್ತರ, ಕಲಬುರಗಿ

ಟೀಚರ್ ಅವರೇ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಪ್ರಶ್ನೆಯೊಳಗೇ ಇದೆ. ಬೇವಿನ ಗಿಡದ ಕೆಳಗೆ ಸ್ವರ ತಪ್ಪದೆ ಹಾಡುವ ಹುಡುಗಿ ಪ್ರಾರ್ಥನೆಯಲ್ಲಿ ಬೇಸೂರಾಗುತ್ತಾಳೆಂದರೆ ಕೆಟ್ಟಿರುವುದು ಅವಳ ಕಿವಿಯಲ್ಲ, ಪ್ರಾರ್ಥನೆಯ ಶ್ರುತಿ. ಗಿಡದ ಕೆಳಗೆ ಶ್ರುತಿಯನ್ನು ಅವಳೇ ಆರಿಸಿಕೊಳ್ಳುತ್ತಾಳೆ. ಪ್ರಾರ್ಥನೆಯಲ್ಲಿ ನೀವು ಆರಿಸುತ್ತೀರಿ, ಅದೂ ನಿಮ್ಮ ಗಂಟಲಿಗೆ ಒಪ್ಪುವಂತೆ.

ಇದನ್ನು ಸ್ವಲ್ಪ ಲೆಕ್ಕದಲ್ಲಿ ಹೇಳುವೆನು. ಮಾತನಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 110ರಿಂದ 130 ಬಾರಿ, ಹೆಂಗಸಿನವು ಸುಮಾರು 200ರಿಂದ 220 ಬಾರಿ, ಪ್ರಾಥಮಿಕ ಶಾಲೆಯ ಮಕ್ಕಳವು ಸುಮಾರು 250ರಿಂದ 300 ಬಾರಿ ಕಂಪಿಸುತ್ತವೆ. ಸಂಗೀತ ಕಲಿಯದ ಮಕ್ಕಳು ಕಷ್ಟವಿಲ್ಲದೆ ಹಾಡಬಲ್ಲ ಹರವು ಸಾಮಾನ್ಯವಾಗಿ 260ರಿಂದ 440ರ ನಡುವೆ ಇರುತ್ತದೆ. ಪೇಟಿಯ, ಅಂದರೆ ಹಾರ್ಮೋನಿಯಂನ, ಮೇಲೆ ಹೇಳುವುದಾದರೆ (ಏಳು ಸ್ವರಗಳ ಒಂದು ಸುತ್ತು ಸಪ್ತಕ; ಅದರ ಬಿಳಿ, ಕಪ್ಪು ಪಟ್ಟಿಗಳನ್ನು ಎಡದಿಂದ ಬೇರೆಬೇರೆಯಾಗಿ ಎಣಿಸುತ್ತೇವೆ) ನಡುವಿನ ಸಪ್ತಕದ ಬಿಳಿ 1ರಿಂದ ಬಿಳಿ 6ರವರೆಗೆ, ಅಂದರೆ ಆರೇ ಆರು ಬಿಳಿ ಪಟ್ಟಿಗಳು. ಗಂಡು ಮಾಸ್ತರರೊಬ್ಬರು ತಮಗೆ ಹಿತವಾದ ಕಪ್ಪು 1ರಲ್ಲಿ ಹಾಡನ್ನು ಎತ್ತಿಕೊಂಡರೆ ಅವರ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಸೆಕೆಂಡಿಗೆ 139 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಮಗು ಅದನ್ನು ಒಂದು ಸಪ್ತಕ ಮೇಲಕ್ಕೆ ಏರಿಸಿಕೊಂಡು ಹಾಡಬೇಕು. ನಮಗೆ ಇದು ಸಲೀಸೆನಿಸಿದರೂ ಆರು ವರ್ಷದ ಮಗುವಿಗೆ ಅದು ಅನುವಾದದ ಕೆಲಸ. ಹೆಣ್ಣು ದನಿಯನ್ನು ಅಥವಾ ಇನ್ನೊಂದು ಮಗುವಿನ ದನಿಯನ್ನು ಅನುಸರಿಸುವಷ್ಟು ಸುಲಭವಾಗಿ ಮಕ್ಕಳು ಗಂಡು ದನಿಯನ್ನು ಅನುಸರಿಸಲಾರರು. ಶಿಕ್ಷಕಿಯರು ಹಾಡಿಸಿದರೂ ತೊಡಕು ಪೂರ್ತಿ ತಪ್ಪುವುದಿಲ್ಲ. ಕಪ್ಪು 4ರಲ್ಲಿ, ಅಂದರೆ 208ರಲ್ಲಿ, ಷಡ್ಜವಿಟ್ಟರೆ ಹಾಡಿನ ಕೆಳಗಿನ ಸ್ವರಗಳು ಮಕ್ಕಳಿಗೆ ಎಟುಕುವುದೇ ಇಲ್ಲ. ಎಟುಕದಿದ್ದಾಗ ಕೆಲವರು ಗೊಗ್ಗರು ದನಿಯಲ್ಲಿ ಮಾತಿನಂತೆ ಒದರುತ್ತಾರೆ, ಕೆಲವರು ಪಂಚಮಕ್ಕೆ, ಅಂದರೆ ಮೇಲಿನ ‘ಪ’ ಸ್ವರಕ್ಕೆ, ಹಾರಿ ಅಲ್ಲೇ ಉಳಿಯುತ್ತಾರೆ. ನಾವು ಅದನ್ನು ಬೇಸೂರು ಎಂದು ಕರೆದು ಹಿಂದಿನ ಸಾಲಿಗೆ ಕಳಿಸುತ್ತೇವೆ.

ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು; ರಾಷ್ಟ್ರಗೀತೆಗೆ 52 ಸೆಕೆಂಡುಗಳೆಂಬುದು ಎಲ್ಲರಿಗೂ ಗೊತ್ತು. ಶಾಲೆಯ ಅಂಗಳದಲ್ಲಿ ಗಡಿಯಾರ ನೋಡುವವರನ್ನು ನಾನು ಕಂಡಿದ್ದೇನೆ, ಷಡ್ಜ ನೋಡುವವರನ್ನು ಕಂಡಿಲ್ಲ.

ಎರಡನೆಯದಾಗಿ ‘ಜೋರಾಗಿ ಹಾಡಿರಿ’ ಎಂಬ ಮಾತನ್ನು ದಯವಿಟ್ಟು ಬಿಡಿ. ಸುತ್ತ ಗದ್ದಲ ಹೆಚ್ಚಿದಂತೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿಯನ್ನು ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿಯೇ ತೋರಿಸಿದ್ದರು. ನೂರಿಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿದಾಗ ಯಾವ ಮಗುವಿಗೂ ತನ್ನ ದನಿ ತನಗೆ ಕೇಳಿಸುವುದಿಲ್ಲ. ತನ್ನ ದನಿಯೇ ಕೇಳಿಸದಿದ್ದರೆ ತಿದ್ದಿಕೊಳ್ಳುವುದು ಹೇಗೆ? ವಾರದಲ್ಲಿ ಎರಡು ದಿನ ತರಗತಿಯೊಳಗೆ, ಪಕ್ಕದವರ ದನಿ ಕೇಳಿಸುವಷ್ಟು ಮೆತ್ತಗೆ ಹಾಡಿಸಿ ನೋಡಿ.

ಇನ್ನು ಕಲಿಸುವ ಬಗೆ. ಸ್ವರ ಹಿಡಿಯದ ಮಗುವಿಗೆ ‘ನನ್ನ ಹಾಗೆ ಹಾಡು’ ಎನ್ನುವ ಮೊದಲು ನೀವು ಅದರ ಹಾಗೆ ಹಾಡಿ. ಮಗು ಯಾವ ಸ್ವರದಲ್ಲಿ ನಿಂತಿದೆಯೋ ಆ ಸ್ವರಕ್ಕೆ ನೀವು ಹೋಗಿ ಬಾಯಿ ಮುಚ್ಚಿ ‘ಮ್’ ಎಂದು ಗುನುಗಬೇಕು. ಎರಡು ದನಿಗಳು ಒಂದಾದಾಗ ಮಗುವಿನ ಮುಖದಲ್ಲಿ ಒಂದು ಬದಲಾವಣೆ ಕಾಣುತ್ತದೆ; ಕಂಡವರಿಗೆ ಅದು ಗೊತ್ತು. ಬಹಳ ಮಕ್ಕಳಿಗೆ ಅದೇ ಜೀವನದಲ್ಲಿ ಮೊದಲ ಬಾರಿಯ ಸ್ವರಮೇಳ. ಅಲ್ಲಿಂದ ಒಂದು ಸ್ವರ ಮೇಲಕ್ಕೆ, ಮತ್ತೆ ಕೆಳಕ್ಕೆ, ಹೀಗೆ ಕೈಹಿಡಿದು ನಡೆಸಬೇಕು. ಷಡ್ಜದಿಂದ ಪಂಚಮ ಅಥವಾ ಧೈವತದೊಳಗೆ ಮುಗಿಯುವ ಹಾಡುಗಳನ್ನು ಆರಿಸಿಕೊಂಡು, ಬಿಳಿ 1 ಅಥವಾ ಬಿಳಿ 2ರಲ್ಲಿ ಷಡ್ಜವಿಟ್ಟರೆ ನಿಮ್ಮ ಹಿಂದಿನ ಸಾಲು ಅರ್ಧ ಕರಗುತ್ತದೆ. ಪೇಟಿ ಇಲ್ಲದಿದ್ದರೆ ಮೊಬೈಲಿನ ತಾನ್‌ಪುರ ಆ್ಯಪ್ ಸಾಕು.

ನಾನು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೆಲವು ವರ್ಷ ಕಲಿತವನು. ಪಂಚಾಕ್ಷರ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕರೆದು ಸಂಗೀತ ಕಲಿಸಿದ ಜಾಗ ಅದು. ಪುಸ್ತಕ ನೋಡಲಾಗದ ಮಕ್ಕಳ ನಡುವೆ ಕುಳಿತವನಿಗೆ ಕೇಳುವುದೇ ಕಲಿಯುವುದರ ಮುಕ್ಕಾಲು ಪಾಲು ಎಂಬುದು ಬೇಗ ತಿಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಹಾಡಿಸುತ್ತೇವೆ, ಕೇಳಿಸುವುದಿಲ್ಲ.

ಉತ್ತರ: ಹಿಮ್ಮೇಳದವ, ಸುರಪುರ ತಾಲ್ಲೂಕು, ಯಾದಗಿರಿ

ಮಾಸ್ತರರು ಶ್ರುತಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಶಾಸ್ತ್ರ ಬಲ್ಲವನಲ್ಲ; ನಲವತ್ತು ವರ್ಷಗಳಿಂದ ಭಜನೆಯಲ್ಲಿ ಹಿಮ್ಮೇಳದಲ್ಲಿ ಕುಳಿತವನು, ಮುಮ್ಮೇಳಕ್ಕೆ ಎಂದೂ ಬಂದವನಲ್ಲ. ನನ್ನ ದನಿ ಅಷ್ಟರಮಟ್ಟಿಗಿಲ್ಲ ಎಂದು ನನಗೂ ಗೊತ್ತು, ನಮ್ಮೂರಿಗೂ ಗೊತ್ತು. ಆದರೆ ‘ತುಟಿ ಮಾತ್ರ ಆಡಿಸು’ ಎಂದು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆಯಬೇಕೆನಿಸಿತು.

ನಮ್ಮ ಭಾಗದಲ್ಲಿ ಹಾಡು ಬೆಳೆದದ್ದು ಕೇಳುಗರ ಮುಂದೆ ಅಲ್ಲ, ಕೆಲಸದ ಜೊತೆಯಲ್ಲಿ. ಬೀಸುವ ಕಲ್ಲಿಗೆ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂಡುತ್ತಿದ್ದರು. ಒಬ್ಬಳು ತ್ರಿಪದಿಯ ಸಾಲನ್ನು ಎತ್ತಿದರೆ ಇನ್ನೊಬ್ಬಳು ಅದನ್ನು ತಿರುಗಿ ಹೇಳುತ್ತಿದ್ದಳು. ಲಯವನ್ನು ಕಲ್ಲೇ ಕಾಯುತ್ತಿತ್ತು. ಜೋಳದ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿರುವಾಗ ರಾತ್ರಿಯಿಡೀ ಹಂತಿಯ ಪದಗಳನ್ನು ಹಾಡುತ್ತಿದ್ದವರು ನಿದ್ದೆ ಬಾರದಿರಲೆಂದು ಹಾಡುತ್ತಿದ್ದರೇ ಹೊರತು ಚಪ್ಪಾಳೆಗಾಗಿ ಅಲ್ಲ. ದಖನಿ ಮಾತಿನ ಸೂಫಿಗಳು ತಮ್ಮ ತತ್ವವನ್ನು ಜನರಿಗೆ ಮುಟ್ಟಿಸಲು ಹೊರಟಾಗ ಚಕ್ಕಿನಾಮಾ, ಚರಖಾನಾಮಾ ಎಂಬ ಪದಗಳನ್ನು ಕಟ್ಟಿ ಬೀಸುವ, ನೂಲುವ ಹೆಂಗಸರ ಬಾಯಿಗೆ ಕೊಟ್ಟರು. ಮಸೀದಿಯ ಒಳಗೆ ಕುಳಿತು ಕೇಳುವವರಿಗಿಂತ ಕಲ್ಲಿನ ಮುಂದೆ ಕುಳಿತು ಹಾಡುವವರು ಮಾತನ್ನು ಹೆಚ್ಚು ದಿನ ಕಾಪಾಡುತ್ತಾರೆ ಎಂಬುದನ್ನು ಅವರು ಬಲ್ಲವರಾಗಿದ್ದರು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಉಳಿದದ್ದೂ ಹೀಗೆಯೇ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು. ಗುರು ಶಿಷ್ಯರಿಬ್ಬರ ಪದಗಳನ್ನೂ ಒಂದೇ ರಾತ್ರಿ, ಒಂದೇ ಏಕತಾರಿಗೆ (ಒಂದು ತಂತಿಯ ಶ್ರುತಿವಾದ್ಯ) ಹಾಡುವ ಭಜನೆಗಳು ನಮ್ಮಲ್ಲಿ ಇನ್ನೂ ಇವೆ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯ ರಿವಾಯತ ಪದಗಳನ್ನು ಕನ್ನಡದಲ್ಲಿ ಹೆಜ್ಜೆ ಹಾಕುತ್ತ ಹಾಡುವವರಲ್ಲಿ ಎಲ್ಲ ಓಣಿಯ ಹುಡುಗರೂ ಇರುತ್ತಾರೆ.

ಈ ಎಲ್ಲ ಬಗೆಯ ಹಾಡಿನಲ್ಲಿಯೂ ಒಂದು ಏರ್ಪಾಡು ಇದೆ. ಬಲ್ಲವನೊಬ್ಬ ಸಾಲು ಎತ್ತುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಗೀಗೀ ಪದದಲ್ಲಿ ಇಡೀ ಕಥೆಯನ್ನು ಮುಂದಿನವನು ಹೇಳಿದರೂ ‘ಗೀಯ ಗೀಯ’ ಎನ್ನುವ ದನಿ ಹಿಂದಿನಿಂದ ಬಾರದಿದ್ದರೆ ಪದ ನಿಂತುಹೋಗುತ್ತದೆ. ಹಿಮ್ಮೇಳದ ಪಾಲಿಗೆ ಬರುವುದು ನಾಲ್ಕೈದು ಸ್ವರಗಳ ಒಂದು ಸಾಲು. ಅದೇ ಸಾಲು ರಾತ್ರಿಗೆ ಮುನ್ನೂರು ಸಲ. ಬೇಸೂರಿನವನೂ ನೂರನೆಯ ಸಲಕ್ಕೆ ಸೂರಿಗೆ ಬರುತ್ತಾನೆ, ನಾನು ಬಂದಂತೆ. ಮಾಸ್ತರರು ಹೇಳುವ ಸಣ್ಣ ಹರವಿನ ಹಾಡು, ಮೆತ್ತಗಿನ ದನಿ, ಪಕ್ಕದವನನ್ನು ಕೇಳುತ್ತ ಹಾಡುವುದು, ಇವೆಲ್ಲ ಭಜನೆಯಲ್ಲಿ ಯಾರೂ ಹೇಳಿಕೊಡದೆಯೇ ಇದ್ದವು.

ಪೇಟಿಯ ಬಗ್ಗೆ ಮಾತ್ರ ನನ್ನ ತಕರಾರು ಇದೆ. ಮಾಸ್ತರರು ಬೇಸರಪಡಬಾರದು. ಪೇಟಿ ಹಾಡಿನ ಪ್ರತಿಯೊಂದು ಸ್ವರವನ್ನೂ ತಾನೇ ನುಡಿದುಬಿಡುತ್ತದೆ, ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ. ಏಕತಾರಿ ಒಂದೇ ಸ್ವರವನ್ನು ಕೊಟ್ಟು ಸುಮ್ಮನಾಗುತ್ತದೆ. ಉಳಿದ ಸ್ವರಗಳನ್ನು ಹಾಡುವವನೇ ಹುಡುಕಿಕೊಳ್ಳಬೇಕು. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿದ್ದರು ಎಂದು ಕೇಳಿದ್ದೇನೆ. ಅಷ್ಟು ಕಠಿಣವಾಗಬೇಕೆಂದು ನಾನು ಹೇಳಲಾರೆ, ಆದರೆ ಶಾಲೆಗೆ ಏಕತಾರಿಯೇ ಸಾಕು, ಅಗ್ಗವೂ ಹೌದು.

ಹುಡುಗನ ವಿಷಯ. ನಮ್ಮ ಭಜನೆಯಲ್ಲಿ ದನಿ ಒಡೆದ ಹುಡುಗರನ್ನು ಎಂದೂ ಮನೆಗೆ ಕಳಿಸಿದ್ದಿಲ್ಲ. ಎರಡು ವರ್ಷ ಅವರ ಕೈಗೆ ತಾಳವನ್ನೋ ದಿಮ್ಮನ್ನೋ ಕೊಡುತ್ತೇವೆ. ದನಿ ನೆಲೆಗೊಂಡ ಮೇಲೆ ತಾವಾಗಿಯೇ ಬಾಯಿ ತೆರೆಯುತ್ತಾರೆ. ಅವನ ಅಜ್ಜನಿಗೆ ಈ ಮಾತು ಹೊಸದಾಗಿರಲಾರದು. ಒಮ್ಮೆ ಅವರನ್ನೇ ಕೇಳಿ.

ಉತ್ತರ: ವಾಕ್-ಶ್ರವಣ ಚಿಕಿತ್ಸಕಿ, ಬೀದರ

ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಬೀದರದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಬಳಿಗೆ ಬರುವವರಲ್ಲಿ ಶಿಕ್ಷಕಿಯರೇ ಹೆಚ್ಚು. ಧ್ವನಿಯ ತೊಂದರೆ ಉಳಿದ ಉದ್ಯೋಗದವರಿಗಿಂತ ಶಿಕ್ಷಕರಲ್ಲಿ ಹೆಚ್ಚು ಕಾಣಿಸುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಆದ್ದರಿಂದ ಟೀಚರ್ ಅವರು ಕೊನೆಯಲ್ಲಿ ಸೇರಿಸಿದ ಮಾತನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಶುಕ್ರವಾರಕ್ಕೆ ಕಟ್ಟಿ ಸೋಮವಾರಕ್ಕೆ ತಿಳಿಯಾಗುವ ಗಂಟಲು ದಣಿದ ಗಂಟಲು. ಗೊಗ್ಗರು ದನಿ ಮೂರು-ನಾಲ್ಕು ವಾರಗಳಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು, ಏಕೆಂದರೆ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳು ಬೆಳೆದಿರಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ನೀರನ್ನು ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಬೇಕು. ದನಿ ಕಟ್ಟಿದಾಗ ಪಿಸುಗುಟ್ಟಿ ಮಾತನಾಡುವುದು ವಿಶ್ರಾಂತಿಯಲ್ಲ, ಹಲವರಿಗೆ ಅದು ಇನ್ನಷ್ಟು ಆಯಾಸ. ಪ್ರಾರ್ಥನೆಗೆ ಮೊದಲು ಐದು ನಿಮಿಷ ತೆಳುವಾದ ಕೊಳವೆಯೊಂದರ ಮೂಲಕ, ಎಳನೀರು ಕುಡಿಯುವಂಥದ್ದೇ ಸಾಕು, ‘ಊ’ ಎಂದು ಮೆಲ್ಲಗೆ ಊದುತ್ತ ದನಿಯನ್ನು ಏರಿಸಿ ಇಳಿಸಿ. ಬಾಯಿಯ ಬಳಿ ತುಸು ಒತ್ತಡ ಉಂಟಾಗಿ ತಂತುಗಳು ಬಲವಾಗಿ ಅಪ್ಪಳಿಸದೆ ಹಗುರವಾಗಿ ಕಂಪಿಸುವುದನ್ನು ಕಲಿಯುತ್ತವೆ.

ಈಗ ಹುಡುಗ. ಹಾಡುವಾಗ ತಂತುಗಳು ಏನು ಮಾಡುತ್ತವೆ ಎಂಬುದನ್ನು ಬದುಕಿರುವ ಮನುಷ್ಯನಲ್ಲಿ ಕನ್ನಡಿಯಿಟ್ಟು ಚೆನ್ನಾಗಿ ನೋಡಿ ವಿವರಿಸಿದವರು ವೈದ್ಯರಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡುಗಾರಿಕೆಯ ಗುರು. 1854ರಲ್ಲಿ ಅವರು ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ ಮತ್ತು ಬಿಸಿಲಿನ ಬೆಳಕಿನಿಂದ ತಮ್ಮ ಗಂಟಲನ್ನೇ ನೋಡಿಕೊಂಡರು. ನನ್ನ ವೃತ್ತಿಯವರು ಸಂಗೀತ ಮಾಸ್ತರರಿಗೆ ಋಣಿಗಳು ಎಂಬುದನ್ನು ಈ ನೆಪದಲ್ಲಿ ಒಪ್ಪಿಕೊಳ್ಳುತ್ತೇನೆ. ಆಮೇಲೆ ಜಪಾನಿನ ಮಿನೊರು ಹಿರಾನೊ ಅವರು 1970ರ ದಶಕದಲ್ಲಿ, ಧ್ವನಿತಂತು ಎಂಬುದು ತಂತಿಯಲ್ಲ, ಪದರುಪದರಾದ ಅಂಗಾಂಶ ಎಂದು ತೋರಿಸಿದರು. ಹುಟ್ಟಿದ ಕೂಸಿನಲ್ಲಿ ಈ ಪದರುಗಳು ಇನ್ನೂ ಬೇರ್ಪಟ್ಟಿರುವುದಿಲ್ಲ. ಅವು ಪೂರ್ತಿ ರೂಪಗೊಳ್ಳುವುದು ಹರೆಯದ ಹೊತ್ತಿಗೆ. ಅಂದರೆ ನಮ್ಮ ಮುಂದೆ ನಿಂತು ಹಾಡುವ ಪ್ರಾಥಮಿಕ ಶಾಲೆಯ ಮಗುವಿನ ವಾದ್ಯವೇ ಇನ್ನೂ ತಯಾರಾಗುತ್ತಿದೆ.

ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ವೇಗವಾಗಿ ಬೆಳೆಯುತ್ತದೆ. ಬೆಳೆದ ಗಂಡಸಿನ ತಂತುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸಿನವು ಸುಮಾರು 12ರಿಂದ 17. ಹುಡುಗನ ದನಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಮೂರು-ನಾಲ್ಕು ಅರ್ಧಸ್ವರಗಳಷ್ಟು ಇಳಿಯುತ್ತದೆ, ಆದರೆ ಅದನ್ನು ಯಾರೂ ಗಮನಿಸುವುದಿಲ್ಲ, ನಗುವುದೂ ಇಲ್ಲ. ನಿನ್ನೆಯ ಅಳತೆಗೆ ಪಳಗಿದ ಸ್ನಾಯುಗಳು ಇಂದಿನ ಉದ್ದನೆಯ, ದಪ್ಪನೆಯ ತಂತುಗಳನ್ನು ಆಳಲು ಹೋದಾಗ ದನಿ ಚೀರಿದಂತೆ ಜಾರುತ್ತದೆ. ಇದು ರೋಗವಲ್ಲ, ಹಾಡಿನಿಂದ ಆದದ್ದೂ ಅಲ್ಲ. ಸುರಪುರದ ಹಿರಿಯರು ಹೇಳಿದ ತಾಳದ ಉಪಾಯ ಹುಡುಗನ ಮಾನ ಉಳಿಸುವ ಒಳ್ಳೆಯ ಉಪಾಯ. ಆದರೆ ಬಾಯಿಯನ್ನು ಪೂರ್ತಿ ಮುಚ್ಚಿಸುವ ಅಗತ್ಯವೂ ಇಲ್ಲ ಎಂದು ನನ್ನ ಅಭಿಪ್ರಾಯ. ಈ ಅವಧಿಯಲ್ಲಿ ಹುಡುಗನಿಗೆ ನೋವಿಲ್ಲದೆ ಬರುವ ಸ್ವರಗಳು ನಾಲ್ಕೋ ಐದೋ ಇರಬಹುದು, ಅವು ತಿಂಗಳಿಗೊಮ್ಮೆ ಬದಲಾಗಲೂಬಹುದು. ಆ ಸ್ವರಗಳೊಳಗೆ ಮೆತ್ತಗೆ ಹಿಮ್ಮೇಳದಲ್ಲಿ ಹಾಡಲಿ. ಹಳೆಯ ತಾರ ಷಡ್ಜವನ್ನು, ಅಂದರೆ ಮೇಲಿನ ಸಪ್ತಕದ ‘ಸ’ವನ್ನು, ಹಟದಿಂದ ಮುಟ್ಟಲು ಹೋಗದಿದ್ದರೆ ಸಾಕು.

ಹಾಡು ಹುಟ್ಟಿನಿಂದಲೇ ಬರುವುದೇ ಎಂಬ ಪ್ರಶ್ನೆಗೂ ಒಂದು ಮಾತು. ಸ್ವರಗಳ ಏರಿಳಿತವನ್ನು ಗುರುತಿಸಲಾಗದ ಸ್ಥಿತಿಯೊಂದು ಹುಟ್ಟಿನಿಂದಲೇ ಕೆಲವರಿಗೆ ಇರುತ್ತದೆ. ಅಂಥವರು ನೂರರಲ್ಲಿ ಒಬ್ಬಿಬ್ಬರಿಂದ ನಾಲ್ವರವರೆಗೆ ಇರಬಹುದೆಂಬ ಅಂದಾಜುಗಳಿವೆ. ನಿಮ್ಮ ನೂರಿಪ್ಪತ್ತು ಮಕ್ಕಳಲ್ಲಿ ಅವರು ಐವರನ್ನು ಮೀರಲಾರರು, ಆದರೆ ಹಿಂದಿನ ಸಾಲಿನಲ್ಲಿ ನಲವತ್ತು ಮಕ್ಕಳಿದ್ದಾರೆ. ಉಳಿದ ಮಕ್ಕಳ ಕಿವಿ ಸರಿಯಾಗಿಯೇ ಕೇಳುತ್ತದೆ. ಕೇಳಿದ್ದನ್ನು ಗಂಟಲಿಗೆ ಮುಟ್ಟಿಸುವ ದಾರಿ ಮಾತ್ರ ಇನ್ನೂ ಸವೆದಿಲ್ಲ. ಸವೆಸಬೇಕಾದರೆ ದನಿ ತೆಗೆಯಲೇಬೇಕು. ತುಟಿ ಆಡಿಸುವುದರಿಂದ ತುಟಿಗಳಿಗಷ್ಟೇ ವ್ಯಾಯಾಮ.

ಉತ್ತರ: ಒಬ್ಬ ಪಾಲಕ, ಹುಮನಾಬಾದ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳಲೇಬೇಕು. ಪ್ರತಿಭಾ ಕಾರಂಜಿಗೆ ತಂಡ ಕಳಿಸುವಾಗ ಎಲ್ಲರನ್ನೂ ಹಾಡಿಸುತ್ತೇವೆ ಎಂದರೆ ಚೆನ್ನಾಗಿ ಹಾಡುವ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ? ನನ್ನ ಮಗಳು ಮೂರು ವರ್ಷದಿಂದ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ಪಕ್ಕದಲ್ಲಿ ಒದರುವವರಿದ್ದರೆ ಅವಳ ಸೂರೂ ತಪ್ಪುತ್ತದೆ. ಮಾಣಿಕನಗರದ ಸಂಗೀತ ದರಬಾರಿನಲ್ಲಿ ದೊಡ್ಡವರ ಹಾಡು ಕೇಳುತ್ತ ಬೆಳೆದ ಊರಿನವರು ನಾವು. ಕೇಳುವಂಥ ಹಾಡು, ಹಾಡುವಂಥ ಹಾಡು ಎರಡೂ ಬೇರೆಯೆಂಬುದನ್ನು ಮರೆಯಬಾರದು.

ಉತ್ತರ: ಪೇಟಿ ಮಾಸ್ತರ, ಕಲಬುರಗಿ

ಪಾಲಕರ ಮಾತಿನಲ್ಲಿ ಹುರುಳಿದೆ. ಸ್ಪರ್ಧೆಗೆ ಆರು ಮಕ್ಕಳನ್ನು ಆರಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಪ್ರಾರ್ಥನೆ ಸ್ಪರ್ಧೆಯಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಸಂಶೋಧಕರು 2015ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಏಳು ತಿಂಗಳು ನಡೆದ ತರಗತಿಗಳಲ್ಲಿ ಒಟ್ಟಿಗೆ ಹಾಡು ಕಲಿಯಲು ಸೇರಿದ ಅಪರಿಚಿತರು, ಕರಕುಶಲವನ್ನೋ ಬರವಣಿಗೆಯನ್ನೋ ಕಲಿಯಲು ಸೇರಿದವರಿಗಿಂತ ಬೇಗ ಒಬ್ಬರಿಗೊಬ್ಬರು ಹತ್ತಿರವಾದರು. ಏಳು ತಿಂಗಳ ಕೊನೆಗೆ ಎಲ್ಲ ಗುಂಪುಗಳೂ ಸಮನಾಗಿದ್ದವು. ಹಾಡು ಮಾಡಿದ್ದು ಆ ಬೇಗದ ಕೆಲಸವನ್ನು. ಸ್ವೀಡನ್ನಿನಲ್ಲಿ 2013ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಒಂದೇ ರೀತಿ ಏರಿಳಿಯುವುದು ಕಂಡಿತು. ಕಾರಣ ಸರಳ: ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಾರೆ, ಉಸಿರಿನ ಹಿಂದೆ ಎದೆಬಡಿತ ನಡೆಯುತ್ತದೆ. ಕನ್ನಡ, ತೆಲುಗು, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಅಂಗಳದಲ್ಲಿ ನಿಲ್ಲುವ ನಮ್ಮ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ. ತುಟಿ ಆಡಿಸುವ ಮಗುವಿಗೆ ಈ ಉಸಿರಿನ ಪಾಲು ಸಿಗುವುದಿಲ್ಲ.

ಸುರಪುರದ ಹಿರಿಯರೇ, ಪೇಟಿಯ ತಕರಾರನ್ನು ಅರ್ಧ ಒಪ್ಪಿದೆ. ಷಡ್ಜ-ಪಂಚಮ ಹಿಡಿದು ಕೂಡುವ ಪೇಟಿ ಏಕತಾರಿಯ ಕೆಲಸವನ್ನೇ ಮಾಡುತ್ತದೆ. ಬೆರಳುಗಳು ಸುಮ್ಮನಿರಬೇಕು, ಅದು ನಮ್ಮಂಥವರಿಗೆ ಕಷ್ಟ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ಇದ್ದಂತೆಯೇ ತಿಳಿಸುತ್ತೇನೆ. ಮೊಬೈಲಿನಲ್ಲಿ ನೋಡಿದಾಗ ನಾನು ಪ್ರಾರ್ಥನೆಯನ್ನು ಎತ್ತಿಕೊಳ್ಳುತ್ತಿದ್ದದ್ದು ಮಾಸ್ತರರು ಊಹಿಸಿದಂತೆ ಕಪ್ಪು 4ರಲ್ಲಿಯೇ ಎಂದು ತಿಳಿಯಿತು. ಅದನ್ನು ಬಿಳಿ 1ಕ್ಕೆ ಏರಿಸಿದ ದಿನ ಮಕ್ಕಳ ದನಿ ಬೇರೆಯೇ ಆಗಿತ್ತು, ಆದರೆ ನನ್ನ ಗಂಟಲಿಗೆ ಹಾಡಿನ ಮೇಲಿನ ಭಾಗ ಎಟುಕಲಿಲ್ಲ. ಆದ್ದರಿಂದ ನಾನು ಹಾಡುವುದನ್ನು ನಿಲ್ಲಿಸಿ ಇಬ್ಬರು ಹುಡುಗಿಯರಿಗೆ ಎತ್ತಿಕೊಳ್ಳುವ ಕೆಲಸ ವಹಿಸಿದೆ. ಶುಕ್ರವಾರದ ಗಂಟಲು ಈಗ ಸೋಮವಾರದಂತೆಯೇ ಇದೆ. ಉತ್ತರ ಇಷ್ಟು ಸರಳವಿರಬಹುದೆಂದು ನಾನು ಎಣಿಸಿರಲಿಲ್ಲ.

ಹಿಂದಿನ ಸಾಲನ್ನು ಒಡೆದು ಆ ಮಕ್ಕಳನ್ನು ಎಲ್ಲರ ನಡುವೆ ನಿಲ್ಲಿಸಿದೆ. ಮೊದಲ ವಾರ ಮುಖ್ಯ ಗುರುಗಳು ಹುಬ್ಬು ಗಂಟಿಕ್ಕಿದರು, ಏಕೆಂದರೆ ಪ್ರಾರ್ಥನೆ ನಿಜಕ್ಕೂ ಮೊದಲಿಗಿಂತ ಕೆಟ್ಟದಾಗಿ ಕೇಳಿಸಿತು. ಮೂರನೆಯ ವಾರದಿಂದ ಸುಧಾರಿಸಿದೆ. ಇನ್ನೂ ಹತ್ತು-ಹನ್ನೆರಡು ಮಕ್ಕಳು ಸ್ವರ ಹಿಡಿಯುತ್ತಿಲ್ಲ. ಅವರೊಡನೆ ದಿನಕ್ಕಿಬ್ಬರಂತೆ ಕುಳಿತು ‘ಮ್’ ಗುನುಗುತ್ತಿದ್ದೇನೆ. ನಾಡಗೀತೆಯ ಹರವು ದೊಡ್ಡದಾದ್ದರಿಂದ ಅದು ಈಗಲೂ ಕಷ್ಟವೇ.

ತಾಂಡಾದ ಹುಡುಗಿ ಶನಿವಾರದ ಬಿಡುವಿನಲ್ಲಿ ತನ್ನ ಲಂಬಾಣಿ ಹಾಡನ್ನು ತರಗತಿಗೆ ಕಲಿಸಿದಳು. ಅವಳು ಒಂದು ಸಾಲು ಹೇಳಿದಳು, ನಾವೆಲ್ಲ ತಿರುಗಿ ಹೇಳಿದೆವು. ನನ್ನ ಉಚ್ಚಾರಕ್ಕೆ ಮಕ್ಕಳು ನಕ್ಕದ್ದೂ ನಕ್ಕದ್ದೇ. ಮರುವಾರ ಅವಳು ಪ್ರಾರ್ಥನೆಯಲ್ಲಿ ದನಿ ತೆಗೆದಿದ್ದಳು, ಮೆತ್ತಗೆ.

ಹುಡುಗನ ಅಜ್ಜನನ್ನು ಕಂಡು ಮಾತನಾಡಿದೆ. ‘ನನ್ನ ದನಿಯೂ ಹಿಂಗೇ ಒಡದಿತ್ತು’ ಎಂದು ಅವರು ನಕ್ಕುಬಿಟ್ಟರು. ಆ ಮಾತನ್ನು ಮೊಮ್ಮಗನಿಗೆ ಹೇಳಬೇಕೆಂಬುದು ಅವರಿಗೆ ತೋಚಿರಲಿಲ್ಲವಂತೆ. ಹುಡುಗ ಈಗ ಭಜನೆಗೆ ಹೋಗುತ್ತಾನೆ, ತಾಳ ಹಾಕುತ್ತಾನೆ, ಹಿಮ್ಮೇಳದ ಸಾಲನ್ನು ಕೆಳಗಿನ ದನಿಯಲ್ಲಿ ಹೇಳುತ್ತಾನೆ. ಶಾಲೆಗೊಂದು ಏಕತಾರಿ ಮಾಡಿಸಬೇಕೆಂದಿದ್ದೇನೆ. ಅದನ್ನು ಬಿಳಿ 1ಕ್ಕೆ ಕೂಡಿಸುವುದು ಹೇಗೆಂದು ಹಿರಿಯರು ತಿಳಿಸಬೇಕು.

ಉತ್ತರ: ಹಿಮ್ಮೇಳದವ, ಸುರಪುರ ತಾಲ್ಲೂಕು, ಯಾದಗಿರಿ

ಚೆನ್ನಾಗಿ ಒಣಗಿದ ಸೋರೆ ಬುರುಡೆ, ಗಟ್ಟಿ ಬಿದಿರಿನ ಕೋಲು, ಒಂದು ತಂತಿ, ಒಂದು ಬಿರಡೆ ಇಷ್ಟೇ ಬೇಕು. ಅಜ್ಜನವರ ಭಜನೆಯಲ್ಲಿ ಮಾಡಬಲ್ಲವರು ಇದ್ದೇ ಇರುತ್ತಾರೆ. ಮೊದಲ ಸಲ ಮೊಬೈಲಿನ ಷಡ್ಜ ಕೇಳುತ್ತ ಬಿರಡೆಯನ್ನು ತಿರುವಿ, ಎರಡೂ ದನಿ ಒಂದರೊಳಗೊಂದು ಕರಗಿ ನಡುಕ ನಿಲ್ಲುವವರೆಗೆ ಬಿಗಿಯಿರಿ. ಆದರೆ ಬಿಸಿಲು ಏರಿದಂತೆ ತಂತಿ ಸಡಿಲವಾಗಿ ಸ್ವರ ಇಳಿಯುತ್ತದೆ, ಹೀಗಾಗಿ ದಿನವೂ ಪ್ರಾರ್ಥನೆಗೆ ಮೊದಲು ಒಮ್ಮೆ ಕೂಡಿಸಲೇಬೇಕು. ಆ ಕೆಲಸವನ್ನು ದನಿ ಒಡೆದ ಹುಡುಗನಿಗೇ ಕೊಡಿ. ಅವನ ಕಿವಿ ಪಳಗಿದೆ.